ಇಲ್ಲಿನ ಮೂಳೆ, ಅಲ್ಲಿನ ಅಳತೆಗೋಲು

ಕೊಚ್ಚಿಯಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಪರವೂರಿನ ಮಗ್ಗುಲಲ್ಲಿ ಪಟ್ಟಣಂ ಎಂಬ ಹಳ್ಳಿ ಇದೆ. ತೆಂಗಿನ ತೋಟ, ತೋಟದ ನಡುವೆ ಮನೆ, ಮನೆಯ ಹಿತ್ತಲಲ್ಲಿ ಅಗೆದರೆ ರೋಮನ್ ಕಾಲದ ಮಡಕೆಚೂರು. ತಿರುವನಂತಪುರದ ಕೇರಳ ಇತಿಹಾಸ ಸಂಶೋಧನಾ ಮಂಡಳಿ 2007ರಿಂದ 2015ರವರೆಗೆ ಪಿ.ಜೆ. ಚೆರಿಯನ್ ಅವರ ನೇತೃತ್ವದಲ್ಲಿ ಒಂಬತ್ತು ಋತು ಇಲ್ಲಿ ಉತ್ಖನನ ನಡೆಸಿತು. ಸಂಗಂ ಸಾಹಿತ್ಯದಲ್ಲೂ ಗ್ರೀಕ್ ಬರಹಗಳಲ್ಲೂ ಬರುವ ಮುಚಿರಿ ಬಂದರು ಇದೇ ಎಂಬ ವಾದ ಬಲಗೊಂಡದ್ದು ಆ ಅಗೆತದಿಂದ. ಮೆಡಿಟರೇನಿಯನ್ ಕಡೆಯ ಆಂಫೊರಾ ಜಾಡಿಯ ಚೂರುಗಳು, ಮಣಿಗಳು, ಆಂಜಿಲಿ ಮರದ ದೋಣಿ, ಇವೆಲ್ಲ ಸಿಕ್ಕವು. ಜೊತೆಗೆ ಒಂದಷ್ಟು ಮನುಷ್ಯರ ಮೂಳೆಚೂರುಗಳೂ ಸಿಕ್ಕವು.

2023ರಲ್ಲಿ ಸುದ್ದಿಯಾದದ್ದು ಈ ಮೂಳೆಗಳು. ಹೈದರಾಬಾದಿನ ಸಿಸಿಎಂಬಿ ಮತ್ತು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು 12 ಮಾದರಿಗಳಿಂದ ಮೈಟೊಕಾಂಡ್ರಿಯಾದ ಡಿಎನ್‌ಎ ತೆಗೆದು ನೋಡಿದರು. ದಕ್ಷಿಣ ಏಷ್ಯಾದ ತಾಯ್ವಂಶಗಳೂ ಇದ್ದವು, ಪಶ್ಚಿಮ ಯುರೇಷಿಯಾದ ತಾಯ್ವಂಶಗಳೂ ಇದ್ದವು. ಸುದ್ದಿಯಲ್ಲಿ ಮೊದಲನೆಯದು ಹಿಂದೆ ಸರಿದು ಎರಡನೆಯದು ಶೀರ್ಷಿಕೆಗೆ ಏರಿತು. ಗ್ರೀಕರು ಬಂದಿದ್ದರು, ರೋಮನ್ನರು ಬಂದಿದ್ದರು, ಮೂಳೆಯೇ ಸಾಕ್ಷಿ.

ಮೂಳೆ ಅಷ್ಟು ಸಲೀಸಾಗಿ ಸಾಕ್ಷಿ ಹೇಳುವುದಿಲ್ಲ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ದಾಟುವಂಥದ್ದು. ಕೆಂಪು ಸಮುದ್ರದಿಂದ ಹಡಗು ಹತ್ತಿ ಬಂದ ವರ್ತಕ ಇಲ್ಲೇ ಸಂಸಾರ ಹೂಡಿದನೆಂದುಕೊಂಡರೂ ಅವನ ಗುರುತು ಅವನ ಮಕ್ಕಳ ಈ ಡಿಎನ್‌ಎಯಲ್ಲಿ ಇರುವುದಿಲ್ಲ. ಮೇಲಾಗಿ ಪಶ್ಚಿಮ ಯುರೇಷಿಯಾದ್ದೆಂದು ಹೆಸರು ಪಡೆದ ಕೆಲವು ತಾಯ್ವಂಶಗಳು ಉಪಖಂಡದಲ್ಲಿ ರೋಮ್ ನಗರ ಹುಟ್ಟುವುದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಇವೆ. ಹಾಗಾಗಿ ಆ ಮೂಳೆಯ ಒಡೆಯ ಅಲೆಕ್ಸಾಂಡ್ರಿಯಾದಿಂದ ಬಂದವನೋ ಆಲುವದಿಂದ ಬಂದವನೋ ಎಂದು ಹೇಳಬೇಕಾದರೆ ಬೇರೆ ಪುರಾವೆ ಬೇಕು: ಹಲ್ಲಿನ ಎನಾಮಲ್‌ನಲ್ಲಿ ಬಾಲ್ಯದ ನೀರು-ನೆಲದ ಗುರುತಾಗಿ ಉಳಿಯುವ ಸ್ಟ್ರಾನ್ಷಿಯಂ, ಅದೇ ಕಾಲದ ಮೆಡಿಟರೇನಿಯನ್ ಸ್ಮಶಾನಗಳ ಮೂಳೆಯೊಂದಿಗೆ ಹೋಲಿಕೆ, ಆ ಸ್ಮಶಾನಗಳ ಮೂಳೆಯನ್ನು ಕೈಯಲ್ಲಿ ಹಿಡಿದು ನೋಡಿದ ಅನುಭವ.

ಮೊದಲ ಎರಡಕ್ಕೆ ಯಂತ್ರವೋ ಸಹಯೋಗವೋ ಸಿಕ್ಕೀತು. ಮೂರನೆಯದು ಎಲ್ಲಿಂದ ಬರಬೇಕು? ಯುರೋಪಿನ ಪ್ರಾಗಿತಿಹಾಸ ಮತ್ತು ಮಾನವ ಅವಶೇಷಗಳ ಅಧ್ಯಯನಕ್ಕೆ ಇಡೀ ವೃತ್ತಿಜೀವನ ಮುಡಿಪಿಡುವುದು ಆಕ್ಸ್‌ಫರ್ಡಿನಲ್ಲಿ, ಲೈಡನ್ನಿನಲ್ಲಿ ಮಾಮೂಲು ಸಂಗತಿ. ತಿರುವನಂತಪುರದ ಹುಡುಗಿಯೊಬ್ಬಳು ಅದೇ ಆಸೆ ಇಟ್ಟುಕೊಂಡರೆ ಅದು ವಿಚಿತ್ರ ಎನಿಸುತ್ತದೆ. ಈ ವಿಚಿತ್ರ ತಾನಾಗಿ ಹುಟ್ಟಿದ್ದಲ್ಲ. ಅದಕ್ಕೆ ಇನ್ನೂರು ವರ್ಷದ ಇತಿಹಾಸವಿದೆ. ಅದರಲ್ಲಿ ಬ್ರಿಟಿಷರ ಪಾಲಷ್ಟೇ ಅಲ್ಲ, ಕೊಚ್ಚಿ, ತಿರುವಾಂಕೂರು, ಮೈಸೂರು ಸಂಸ್ಥಾನಗಳ ವಿದ್ವಾಂಸರ ಪಾಲೂ ಇದೆ. ಇಂದಿನ ವಿಶ್ವವಿದ್ಯಾಲಯಗಳ ಪಾಲಂತೂ ಇದ್ದೇ ಇದೆ.

1823ರಿಂದ ಶುರು ಮಾಡಬಹುದು. ಆ ವರ್ಷ ಜೆ. ಬ್ಯಾಬಿಂಗ್ಟನ್ ಎಂಬ ಅಧಿಕಾರಿ ಮಲಬಾರಿನಲ್ಲಿ ತಾನು ತೆಗೆಸಿದ ನೆಲದಡಿಯ ಸಮಾಧಿಗಳ ವರದಿ ಮುಂಬಯಿಯ ಲಿಟರರಿ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಊರವರು ಅವನ್ನು ಪಾಂಡು ಕುಳಿ ಎನ್ನುತ್ತಿದ್ದರು, ಪಾಂಡವರ ಗುಂಡಿ ಎಂದು. ಅದೇ 1823ರ ಜನವರಿಯಲ್ಲಿ ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ವೇಲ್ಸಿನ ಪ್ಯಾವಿಲ್ಯಾಂಡ್ ಗುಹೆಯಲ್ಲಿ ಕಾವಿಯ ಕೆಂಪು ಮೆತ್ತಿಕೊಂಡ ಅಸ್ಥಿಪಂಜರವೊಂದನ್ನು ಹೊರತೆಗೆದ. ಬೈಬಲ್ಲಿನ ಜಲಪ್ರಳಯಕ್ಕಿಂತ ಹಿಂದಿನ ಮನುಷ್ಯನ ಮೂಳೆ ಇರಲಾರದು ಎಂದು ನಂಬಿದ್ದ ಆತ ಅದು ರೋಮನ್ ಕಾಲದ ಹೆಂಗಸಿನದು ಎಂದ. ‘ಕೆಂಪು ಹೆಂಗಸು’ ಎಂಬ ಹೆಸರು ಉಳಿದುಬಿಟ್ಟಿತು. ಅದು ಹೆಂಗಸಲ್ಲ, ಯುವಕ. ರೋಮನ್ ಕಾಲದವನಲ್ಲ, ಸುಮಾರು 33,000 ವರ್ಷ ಹಿಂದಿನವನು. ಲಿಂಗವೂ ತಪ್ಪು, ಕಾಲವೂ ತಪ್ಪು.

ವ್ಯತ್ಯಾಸ ಇರುವುದು ಆಮೇಲೆ. ಪ್ಯಾವಿಲ್ಯಾಂಡಿನ ಮೂಳೆಯನ್ನು ತಲೆಮಾರಿಗೊಬ್ಬರು ಮತ್ತೆ ಮತ್ತೆ ತೆಗೆದು ನೋಡಿದರು, ಹೊಸ ವಿಧಾನ ಬಂದಾಗಲೆಲ್ಲ ಕಾಲ ತಿದ್ದಿದರು. ಮಲಬಾರಿನ ಕುಳಿಗೆ ಆ ಭಾಗ್ಯವಿರಲಿಲ್ಲ. ಜಂಬಿಟ್ಟಿಗೆಯ ಆಮ್ಲೀಯ ಮಣ್ಣು, ವರ್ಷಕ್ಕೆ ಎರಡು ಮಳೆಗಾಲ, ಇವುಗಳ ನಡುವೆ ಮೂಳೆ ಕರಗಿಹೋಗುತ್ತದೆ. ಉಳಿದ ಚೂರನ್ನು ಕೂಡಿಡುವ ಪದ್ಧತಿಯೂ ಬೆಳೆಯಲಿಲ್ಲ. ಮಣ್ಣಿನ ಮೇಲೆ ಹೊರಿಸಬಹುದಾದ ತಪ್ಪು ಅರ್ಧ ಮಾತ್ರ.

ಸತ್ತವರ ಮೂಳೆ ಕೈಗೆ ಸಿಗದ ಕಡೆ ಬದುಕಿದವರ ತಲೆ ಸಿಕ್ಕಿತು. 1902ರಲ್ಲಿ ಕೊಚ್ಚಿ ಸಂಸ್ಥಾನ ಜನಾಂಗ ಸಮೀಕ್ಷೆಯ ಕೆಲಸವನ್ನು ಶಾಲಾ ಶಿಕ್ಷಕರಾಗಿದ್ದ ಪಾಲಕ್ಕಾಡಿನ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರಿಗೆ ವಹಿಸಿತು. ಸಂಬಳದ ಕೆಲಸದ ಜೊತೆಜೊತೆಗೇ ಊರೂರು ಸುತ್ತಿ ಅವರು ಬರೆದ ಕೊಚ್ಚಿಯ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು 1909 ಮತ್ತು 1912ರಲ್ಲಿ ಹೊರಬಂದವು. ಆಚಾರ, ಮದುವೆ, ಸಾವಿನ ಕ್ರಮ, ಊಟ-ಉಡುಗೆಗಳ ಬಗೆಗಿನ ಅವರ ದಾಖಲೆಗೆ ಇವತ್ತಿಗೂ ಬೆಲೆಯಿದೆ, ಅದನ್ನು ಅಲ್ಲಗಳೆಯುವವರು ಅದನ್ನು ಓದಿಲ್ಲ. ಆದರೆ ಆ ಕಾಲದ ಜನಾಂಗಶಾಸ್ತ್ರದ ಬೆನ್ನೆಲುಬು ಅಳತೆ. ಎಡ್ಗರ್ ಥರ್ಸ್ಟನ್ ಮದ್ರಾಸ್ ಮ್ಯೂಸಿಯಂನಿಂದ ಕ್ಯಾಲಿಪರ್ ಹಿಡಿದು ಹೊರಡುತ್ತಿದ್ದ. ಮೂಗಿನ ಅಗಲಕ್ಕೂ ಜಾತಿಯ ಎತ್ತರಕ್ಕೂ ತಾಳೆಯಿದೆ ಎಂದು ರಿಸ್ಲಿ ಬರೆದಿದ್ದ. ಇಡೀ ದೇಶದ ಮೂಗಿಗೆ ಅಂಕ ಕೊಟ್ಟ ಕಾಲ ಅದು. ಮೇಲ್ಜಾತಿಯ ವಿದ್ವಾಂಸರ ಮೂಗಿಗೆ ಮಾತ್ರ ತುಪ್ಪ ಬಿತ್ತು.

ಇಲ್ಲಿಂದ ಕಥೆ ಮೈಸೂರಿಗೆ ಬರುತ್ತದೆ. ಮೈಸೂರಿನ ಸಮೀಕ್ಷೆಯನ್ನು ಹೊತ್ತಿದ್ದವರು ಎಚ್.ವಿ. ನಂಜುಂಡಯ್ಯ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಉಪಕುಲಪತಿ. 1920ರಲ್ಲಿ ಅವರು ತೀರಿಕೊಂಡ ಮೇಲೆ ಆ ರಾಶಿ ಟಿಪ್ಪಣಿಗಳನ್ನು ಪುಸ್ತಕವಾಗಿಸಲು ವಿಶ್ವವಿದ್ಯಾಲಯ ಕರೆದದ್ದು ಕೊಚ್ಚಿಯ ಅನಂತಕೃಷ್ಣ ಅಯ್ಯರ್ ಅವರನ್ನೇ. ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ನಾಲ್ಕು ಸಂಪುಟಗಳಲ್ಲಿ ಮೊದಲನೆಯದು ಕೊನೆಗೆ, 1935ರಲ್ಲಿ ಬಂತು. ಅದರೊಳಗೆ ಭಾರತದ ಜನಾಂಗ ಇತಿಹಾಸದಲ್ಲಿ ಮೈಸೂರಿನ ಸ್ಥಾನವೇನು ಎಂಬ ದೀರ್ಘ ಲೇಖನವಿದೆ. ಬರೆದವರು ಎಗಾನ್ ಫಾನ್ ಐಕ್‌ಸ್ಟೆಟ್, ಜರ್ಮನಿಯ ಬ್ರೆಸ್ಲಾವ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ.

ಇವರು 1926ರಿಂದ 1929ರವರೆಗೆ ಭಾರತದಲ್ಲಿ ತಿರುಗಾಡಿ ಸಾವಿರಾರು ಜನರನ್ನು ಅಳೆದು, ಫೋಟೊ ಹಿಡಿದು, ಮಾದರಿಗಳಾಗಿ ವಿಂಗಡಿಸಿದವರು. ಬ್ರೆಸ್ಲಾವಿಗೆ ಹಿಂದಿರುಗಿದ ಮೇಲೆ ಅದೇ ವಿಧಾನವನ್ನು ಸಿಲೇಷಿಯಾ ಪ್ರಾಂತ್ಯದ ಹಳ್ಳಿಗಳ ಮೇಲೆ ಪ್ರಯೋಗಿಸಿದರು. ನಾಜಿ ಆಡಳಿತದಲ್ಲಿ ಯಾರ ವಂಶ ಶುದ್ಧ, ಯಾರದಲ್ಲ ಎಂಬ ತಜ್ಞ ಅಭಿಪ್ರಾಯ ಬರೆದುಕೊಟ್ಟವರಲ್ಲಿ ಅವರೂ ಇದ್ದರು. ಯುದ್ಧ ಮುಗಿದ ಮೇಲೆ ಮೈನ್ಸ್ ವಿಶ್ವವಿದ್ಯಾಲಯದಲ್ಲಿ ಮತ್ತೆ ಪ್ರಾಧ್ಯಾಪಕರಾದರು. ಅನಂತಕೃಷ್ಣ ಅಯ್ಯರ್ 1934ರಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸ ಕೊಡುತ್ತ ಹೋದರು. ಬ್ರೆಸ್ಲಾವ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೂ ವೈದ್ಯಶಾಸ್ತ್ರದಲ್ಲಿ.

ಈ ವ್ಯವಹಾರದ ಲೆಕ್ಕ ನೋಡಿ. ಜರ್ಮನ್ ವಿದ್ವಾಂಸ ಇಲ್ಲಿಗೆ ಬಂದು ಕಾಡರ, ಕುರುಬರ, ಬ್ರಾಹ್ಮಣರ ತಲೆ ಅಳೆದು ತೀರ್ಪು ಹೇಳುತ್ತಾರೆ. ಮಲಯಾಳಿ ವಿದ್ವಾಂಸರು ಅಲ್ಲಿಗೆ ಹೋಗಿ ಮಲಬಾರಿನ ಬಗ್ಗೆ ಮಾತಾಡುತ್ತಾರೆ. ಇಬ್ಬರೂ ಪ್ರಯಾಣ ಮಾಡಿದರು, ಮೇಜಿನ ಮೇಲೆ ಎರಡು ಸಲವೂ ಇದ್ದದ್ದು ಒಂದೇ ಕಡೆಯ ತಲೆ. ಬ್ರೆಸ್ಲಾವಿನ ರೈತರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂಬ ಪ್ರಶ್ನೆ ಆ ಗೌರವ ಪದವಿಯ ಲೆಕ್ಕದಲ್ಲಿ ಇರಲೇ ಇಲ್ಲ. ಅಯ್ಯರ್ ಅವರ ಮಗ ಎಲ್.ಎ. ಕೃಷ್ಣ ಅಯ್ಯರ್ ತಿರುವಾಂಕೂರಿನಲ್ಲಿ ತಂದೆಯ ಕೆಲಸವನ್ನೇ ಮುಂದುವರಿಸಿದರು. ತಿರುವಾಂಕೂರಿನ ಸಂಪುಟಗಳು 1937ರಿಂದ 1941ರ ನಡುವೆ ಬಂದವು, 1948ರಲ್ಲಿ ಕೇರಳದ ಪ್ರಾಗಿತಿಹಾಸದ ಬಗ್ಗೆಯೂ ಅವರು ಪುಸ್ತಕ ಬರೆದರು. ಕೊಚ್ಚಿಯಲ್ಲಿ ತಂದೆ, ತಿರುವನಂತಪುರದಲ್ಲಿ ಮಗ, ಎರಡು ತಲೆಮಾರು, ಅಳತೆಯ ದಿಕ್ಕು ಬದಲಾಗಲಿಲ್ಲ.

ಹಳೆಯ ಕಥೆ ಎಂದು ಬದಿಗಿಡಲು ಬರುವುದಿಲ್ಲ. ಕೊಚ್ಚಿ ಸಂಸ್ಥಾನದ ಕಾಡರಲ್ಲಿ ನೀಗ್ರಿಟೊ ಅಂಶವಿದೆ ಎಂದು 1920ರ ದಶಕದ ಕೊನೆಯಲ್ಲಿ ಬರೆದ ಬಿ.ಎಸ್. ಗುಹಾ, 1931ರ ಜನಗಣತಿಯ ಅಳತೆಗಳನ್ನಿಟ್ಟುಕೊಂಡು ಭಾರತೀಯರನ್ನು ಆರು ಜನಾಂಗಗಳಾಗಿ ಒಡೆದರು. ಕನ್ನಡದ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಆ ಪಟ್ಟಿ ಇವತ್ತಿಗೂ ಇದೆ: ನೀಗ್ರಿಟೊ, ಪ್ರೋಟೊ ಆಸ್ಟ್ರಲಾಯ್ಡ್, ಮಂಗೋಲಾಯ್ಡ್, ಮೆಡಿಟರೇನಿಯನ್, ಅಗಲ ತಲೆಯ ಪಶ್ಚಿಮದವರು, ನಾರ್ಡಿಕ್. ಧಾರವಾಡದ ಕೋಣೆಯಲ್ಲಿ ಕೂತ ಹುಡುಗ ಅದನ್ನು ಬಾಯಿಪಾಠ ಮಾಡುತ್ತಾನೆ. ಯುಪಿಎಸ್‌ಸಿಯ ಮಾನವಶಾಸ್ತ್ರದ ಪಠ್ಯಕ್ರಮದಲ್ಲಿ ಜನಾಂಗ ವರ್ಗೀಕರಣದ ಜೈವಿಕ ಆಧಾರ ಎಂಬ ವಿಷಯ ಇನ್ನೂ ಉಳಿದಿದೆ. ಆ ಪಟ್ಟಿ ಹುಟ್ಟಿದ ಯುರೋಪಿನ ಪ್ರಯೋಗಾಲಯಗಳಲ್ಲಿ ಅದನ್ನು ಮಡಚಿಟ್ಟು ದಶಕಗಳಾದವು. ಪಡೆದುಕೊಂಡವರು ಮಾತ್ರ ಇನ್ನೂ ಹಿಡಿದುಕೊಂಡಿದ್ದಾರೆ, ಏಕೆಂದರೆ ಅದು ಹೇಗೆ ಕುಸಿಯಿತು ಎಂಬುದನ್ನು ಒಳಗಿನಿಂದ ನೋಡಿದವರು ಇಲ್ಲಿ ಕಡಿಮೆ.

ನೋಡಿದವರೊಬ್ಬರಿದ್ದರು. ಇರಾವತಿ ಕರ್ವೆ 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿಗೆ ಹೋಗಿ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಯಲ್ಲಿ ಆಯ್ಗನ್ ಫಿಷರ್ ಕೈಕೆಳಗೆ ಪಿಎಚ್‌ಡಿ ಮಾಡಿದರು. ಫಿಷರ್ ಕೊಟ್ಟ ವಿಷಯ ತಲೆಬುರುಡೆಯ ಎಡಬಲದ ಅಸಮತೆ. ಬಿಳಿಯರ ಬುರುಡೆಯಲ್ಲಿ ಅದು ಹೆಚ್ಚಿದ್ದು, ಅವರ ಬುದ್ಧಿಯ ಹಿರಿಮೆಗೆ ಅದೇ ಕಾರಣವೆಂದು ತೋರಬೇಕಿತ್ತು. ಕರ್ವೆ 149 ಬುರುಡೆಗಳನ್ನು ಅಳೆದರು. ಯುರೋಪಿನವರದ್ದೂ ಇದ್ದವು, ವಸಾಹತುಗಳಿಂದ ತಂದ ಆಫ್ರಿಕಾದವರದ್ದೂ ಇದ್ದವು. ಅಸಮತೆಗೂ ಜನಾಂಗಕ್ಕೂ ಸಂಬಂಧವಿಲ್ಲ ಎಂದು ಬರೆದರು, ಸಂಸ್ಥೆಯ ಯಜಮಾನನ ಎದುರಿಗೇ. ಪುಣೆಗೆ ಮರಳಿದ ಮೇಲೆ ಅವರೂ ಜಾತಿವಾರು ಅಳತೆಯ ಕೆಲಸ ಮಾಡಿದರು ಎಂಬುದನ್ನು ಮರೆಯಬೇಕಿಲ್ಲ. ಆದರೂ ಬರ್ಲಿನ್ನಿನ ಆ ಎರಡು ವರ್ಷಗಳಲ್ಲಿ ನಡೆದದ್ದು ಮುಖ್ಯ. ಯುರೋಪಿನ ಬುರುಡೆ ಭಾರತೀಯಳ ಕೈಗೆ ಬಂದ ಕೂಡಲೇ ಸಿದ್ಧಾಂತ ಬಿದ್ದುಹೋಯಿತು. ಬೇರೆ ದಿಕ್ಕಿನಿಂದ ಬಂದ ಕಣ್ಣಿಗೆ ಇರುವ ಉಪಯೋಗ ಅದು.

ಆ ಕಣ್ಣಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಮಾರ್ಟಿಮರ್ ವೀಲರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1934ರಿಂದ 1937ರವರೆಗೆ ವೀಲರ್ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಮೇಡನ್ ಕಾಸಲ್ ಎಂಬ ಗುಡ್ಡಕೋಟೆಯನ್ನು ಅಗೆದ. ಪೂರ್ವದ ಬಾಗಿಲ ಬಳಿ ಗಾಯಗೊಂಡ ಅಸ್ಥಿಪಂಜರಗಳು ಸಿಕ್ಕವು. ರೋಮನ್ ಸೈನ್ಯ ನುಗ್ಗಿ ಒಂದೇ ದಿನ ಕೊಂದ ಸ್ಥಳೀಯರಿವರು ಎಂದು ಆತ ರಂಗಾಗಿ ಬರೆದ, ಇಂಗ್ಲಿಷ್ ಶಾಲಾಮಕ್ಕಳು ಅದನ್ನೇ ಕಲಿತರು. 1944ರಲ್ಲಿ ಆತ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿ ಬಂದ. ಕೆಲವೇ ವರ್ಷಗಳಲ್ಲಿ ಮೊಹೆಂಜೊದಾರೋದಲ್ಲಿ ಹಿಂದೆ ಸಿಕ್ಕಿದ್ದ ಅಸ್ಥಿಪಂಜರಗಳೂ ಹತ್ಯಾಕಾಂಡದವೇ ಆದವು, ಈ ಬಾರಿ ಆರ್ಯರು ಕೊಂದದ್ದು, ಆರೋಪಿ ಇಂದ್ರ.

ಎರಡೂ ನಿಲ್ಲಲಿಲ್ಲ. ಮೊಹೆಂಜೊದಾರೋದ ಕಥೆಯನ್ನು 1964ರಲ್ಲಿ ಜಾರ್ಜ್ ಡೇಲ್ಸ್ ಕೆಡವಿದರು, ಮೂಳೆಗಳನ್ನು ಮತ್ತೆ ಪರೀಕ್ಷಿಸಿದ ಕೆನೆತ್ ಕೆನೆಡಿ ಹತ್ಯಾಕಾಂಡದ ಗುರುತಿಲ್ಲ ಎಂದರು. ಮೇಡನ್ ಕಾಸಲ್ಲಿನ ಕಥೆಗೆ 2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದ ತಂಡ ರೇಡಿಯೊಕಾರ್ಬನ್ ಕಾಲಗಣನೆಯಿಂದ ಮಂಗಳ ಹಾಡಿತು: ಸಾವುಗಳು ಒಂದೇ ದಿನದವಲ್ಲ, ಹಲವು ದಶಕಗಳಲ್ಲಿ ಹರಡಿಕೊಂಡಿವೆ, ಬಹುಪಾಲು ರೋಮನ್ನರು ಬರುವುದಕ್ಕೆ ಮೊದಲಿನವು. ವೀಲರ್ ಡಾರ್ಸೆಟ್‌ನಲ್ಲಿ ಹೊಲಿದ ಅಂಗಿಯನ್ನೇ ಸಿಂಧೂ ಕಣಿವೆಗೆ ತೊಡಿಸಿದ ಎಂದು ಈಗ ಅನಿಸದಿರಲು ಕಾರಣವಿಲ್ಲ. ಎಚ್.ಡಿ. ಸಾಂಕಾಲಿಯಾ ಲಂಡನ್ನಿನಲ್ಲಿ ಓದುವಾಗ ಮೇಡನ್ ಕಾಸಲ್ಲಿನಲ್ಲಿ ಕೆಲಸ ಕಲಿತವರು. ಅವರು ಅಲ್ಲಿಗೆ ಹೋದದ್ದು ಅಗೆಯುವ ವಿಧಾನ ಕಲಿಯಲು, ಆ ಮೂಳೆಗಳ ಬಗ್ಗೆ ತೀರ್ಪು ಹೇಳಲು ಅಲ್ಲ. ಕಲಿಯಲು ಪ್ರವೇಶವಿತ್ತು, ತಕರಾರು ತೆಗೆಯುವ ಸ್ಥಾನವಿರಲಿಲ್ಲ.

ವೀಲರ್‌ನ ನೆರಳು ದಕ್ಷಿಣಕ್ಕೂ ಬಿತ್ತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ಬೃಹತ್ ಶಿಲಾ ಸಮಾಧಿಗಳ ಕಾಲ ಕ್ರಿ.ಪೂ. 200ರಿಂದ ಈಚೆಗೆ ಎಂದ. ಗಡಿಯಾರ ರೋಮ್‌ನದು: ರೋಮನ್ ಸಂಪರ್ಕದ ವಸ್ತುಗಳ ಕಾಲ ಗೊತ್ತಿತ್ತು, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದ. ಮರುವರ್ಷ ಅವನ ಶಿಷ್ಯ ಬಿ.ಕೆ. ಥಾಪರ್ ಕೊಚ್ಚಿ ಸಂಸ್ಥಾನದ ಪೋರ್ಕಳಂನಲ್ಲಿ, ಕುನ್ನಂಕುಳಂ ಹತ್ತಿರ, ಸಮಾಧಿ ಮಡಕೆಯೊಂದನ್ನು ತೆಗೆದರು. ಬ್ರಹ್ಮಗಿರಿಯ ಲೆಕ್ಕವೇ ಅಲ್ಲಿಗೂ ಆಧಾರವಾಯಿತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಹಾವೇರಿ ಕಡೆಯ ಹಳ್ಳೂರಿನಲ್ಲಿ ಅಗೆದ ಮೇಲೆ ರೇಡಿಯೊಕಾರ್ಬನ್ ಬೇರೆ ಮಾತು ಹೇಳಿತು, ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೆ ಹೋಯಿತು. ಎಂಟುನೂರು ವರ್ಷದ ವ್ಯತ್ಯಾಸ.

ಗಡಿಯಾರ ಹೋಯಿತು, ಅಳತೆಗೋಲು ಉಳಿದಿದೆ. ಸಮಾಧಿಯಲ್ಲಿ ಸಿಕ್ಕ ಮೂಳೆ ಗಂಡಿನದೋ ಹೆಣ್ಣಿನದೋ, ಇಪ್ಪತ್ತರದೋ ಐವತ್ತರದೋ ಎಂದು ಹೇಳಲು ತಜ್ಞರು ಸೊಂಟದ ಮೂಳೆ, ಹಲ್ಲು, ಬುರುಡೆಯ ಹೊಲಿಗೆಗಳನ್ನು ನೋಡುತ್ತಾರೆ. ನೋಡಿ ಹೋಲಿಸುವುದು ವಯಸ್ಸು ಗೊತ್ತಿರುವ ಮೂಳೆಗಳ ಸಂಗ್ರಹಗಳೊಂದಿಗೆ. ಹೆಸರಾಂತ ಸಂಗ್ರಹಗಳು ಅಮೆರಿಕದ ಕ್ಲೀವ್‌ಲ್ಯಾಂಡ್, ಪೋರ್ಚುಗಲ್ಲಿನ ಕೊಯಿಂಬ್ರಾ, ಲಂಡನ್ನಿನಂಥ ಕಡೆ ಇವೆ. 1980ರ ದಶಕದಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಚರ್ಚಿನ ನೆಲಮಾಳಿಗೆಯಿಂದ ಹೆಸರು, ವಯಸ್ಸು ಬರೆದಿದ್ದ ಶವಪೆಟ್ಟಿಗೆಗಳನ್ನು ತೆಗೆದು ಈ ವಿಧಾನಗಳನ್ನು ಪರೀಕ್ಷೆಗೆ ಒಡ್ಡಿದರು. ಮುದುಕರ ವಯಸ್ಸು ಕಡಿಮೆ ಬಂತು, ಎಳೆಯರದ್ದು ಹೆಚ್ಚು ಬಂತು. ಲಂಡನ್ನಿನ ಮೂಳೆಗೇ ಸರಿಹೊಂದದ ಕೋಲಿನಿಂದ ಕೇರಳದ ಮೂಳೆಯನ್ನು ಅಳೆದಾಗ ಎಷ್ಟು ತಪ್ಪುತ್ತದೆ? ಉತ್ತರ ಬೇಕಾದರೆ ಎರಡೂ ಕಡೆಯ ಮೂಳೆ ನೋಡಿದವರು ಬೇಕು.

ಇದರಲ್ಲೊಂದು ಕ್ರೂರ ತಮಾಷೆಯಿದೆ. 1985ರಲ್ಲಿ ಭಾರತ ಸರ್ಕಾರ ನಿಷೇಧಿಸುವವರೆಗೆ ಕಲ್ಕತ್ತಾದಿಂದ ಮನುಷ್ಯರ ಅಸ್ಥಿಪಂಜರಗಳು ಪಶ್ಚಿಮದ ವೈದ್ಯಕೀಯ ಕಾಲೇಜುಗಳಿಗೆ ರಾಶಿರಾಶಿಯಾಗಿ ರಫ್ತಾಗುತ್ತಿದ್ದವು. ತೊಳೆದು, ಬಿಳುಪಾಗಿಸಿ, ತಂತಿ ಕಟ್ಟಿದ ಬಡವರ ಮೂಳೆಗಳು. ಯುರೋಪಿನ ಅಂಗರಚನಾ ತರಗತಿಗಳಲ್ಲಿ ಒಂದೆರಡು ತಲೆಮಾರು ತೊಡೆಮೂಳೆ ಯಾವುದು, ತೋಳಿನ ಮೂಳೆ ಯಾವುದು ಎಂದು ಕಲಿತದ್ದು ಬಹಳ ಕಡೆ ಅವುಗಳಿಂದ. ಯುರೋಪಿನವರು ಭಾರತದ ಮೂಳೆಯಿಂದ ಪಾಠ ಕಲಿತರು, ಭಾರತದ ವಿದ್ಯಾರ್ಥಿ ಯುರೋಪಿನ ಮೂಳೆಯನ್ನು ಕೋಷ್ಟಕದಲ್ಲಿ ನೋಡಿದ.

‘ಮೊದಲು ಮನೆಯದನ್ನು ನೋಡಿ, ಆಮೇಲೆ ಊರವರದ್ದು’ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಕೇರಳದಲ್ಲೇ ನೋಡದ ಸಮಾಧಿಗಳು ಬೇಕಾದಷ್ಟಿವೆ, ಮರಯೂರಿನ ಮುನಿಯರಗಳು ಬೀಳುತ್ತಿವೆ, ಪಟ್ಟಣಂನಲ್ಲಿ ಅಗೆದದ್ದು ಒಂದು ಪಾಲು ನೂರಕ್ಕೂ ಕಡಿಮೆ, ಹೀಗಿರುವಾಗ ಯುರೋಪಿನ ಉಸಾಬರಿ ಏಕೆ? ಕೇಳಲು ವಿವೇಕದ ಮಾತಿನಂತಿದೆ. ಆದರೆ ಈ ವಿವೇಕವನ್ನು ಒಂದೇ ಕಡೆಯವರಿಗೆ ಬೋಧಿಸಲಾಗುತ್ತದೆ. ರೇಮಂಡ್ ಆಲ್ಚಿನ್ 1952ರಲ್ಲಿ ರಾಯಚೂರು ಜಿಲ್ಲೆಯ ಪಿಕ್ಲಿಹಾಳಕ್ಕೆ ಬಂದು ಅಗೆದರು, ಬೂದಿದಿಬ್ಬಗಳ ಒಗಟು ಬಿಡಿಸಿದವರಲ್ಲಿ ಅವರು ಪ್ರಮುಖರು, ಕೇಂಬ್ರಿಡ್ಜಿನಲ್ಲಿ ಕೂತು ಜೀವಮಾನವಿಡೀ ದಕ್ಷಿಣ ಏಷ್ಯಾದ ಬಗ್ಗೆ ಬರೆದರು. ಕರ್ನಾಟಕದ ನವಶಿಲಾಯುಗಕ್ಕೆ ಅದರಿಂದ ಆದ ಲಾಭ ಸಣ್ಣದಲ್ಲ. ಮೊದಲು ಇಂಗ್ಲೆಂಡಿನ ದಿಬ್ಬಗಳೆಲ್ಲ ಮುಗಿಯಲಿ, ಆಮೇಲೆ ರಾಯಚೂರಿಗೆ ಹೋಗು ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳದಿದ್ದದ್ದು ಒಳ್ಳೆಯದೇ ಆಯಿತು.

ಇನ್ನೊಂದು ಬಗೆಯ ಆಕ್ಷೇಪ ಸ್ವಾಭಿಮಾನದ ವೇಷದಲ್ಲಿ ಬರುತ್ತದೆ: ಪಶ್ಚಿಮದ ವಿಷಯ ನಮಗೇಕೆ. ಹೀಗೆನ್ನುವವರೇ ಆರ್ಯ ವಲಸೆಯ ಜಗಳದಲ್ಲಿ ಮೊದಲ ಸಾಲಿನಲ್ಲಿರುತ್ತಾರೆ. ಆ ಜಗಳದ ಎರಡೂ ಕಡೆಯ ಪುರಾವೆ ಇವತ್ತು ನಿಂತಿರುವುದು ಬಹುಮಟ್ಟಿಗೆ ಯುರೋಪು ಮತ್ತು ಹುಲ್ಲುಗಾವಲು ಸೀಮೆಯ ಸಮಾಧಿಗಳ ಮೇಲೆ. 2019ರಲ್ಲಿ ಪ್ರಕಟವಾದ ರಾಖಿಗಢಿಯ ಅಧ್ಯಯನದಲ್ಲಿ 61 ಮಾದರಿಗಳನ್ನು ಪರೀಕ್ಷಿಸಿ ಕೈಗೆ ಬಂದದ್ದು ಒಬ್ಬ ಹೆಂಗಸಿನ ಡಿಎನ್‌ಎ ಮಾತ್ರ. ಬಿಸಿಲು-ಮಳೆಯ ನಾಡಿನಲ್ಲಿ ಮೂಳೆ ಅಷ್ಟೇ ಕೊಡುತ್ತದೆ. ವೋಲ್ಗಾ ದಂಡೆಯ ಯಮ್ನಾಯ ಗೋರಿಗಳಲ್ಲಿ, ಜರ್ಮನಿಯ ಸ್ಮಶಾನಗಳಲ್ಲಿ ಅದು ಧಾರಾಳವಾಗಿ ಉಳಿದಿದೆ. ಅಂದಮೇಲೆ ಇಲ್ಲಿನ ಪ್ರಶ್ನೆಯ ಅರ್ಧ ಉತ್ತರ ಅಲ್ಲಿನ ಮಣ್ಣಿನಲ್ಲಿದೆ. ಆ ಗೋರಿಯನ್ನು ಕಂಡವರು ಬೇಡ, ಆ ಗೋರಿಯ ಬಗ್ಗೆ ಕೂಗಾಡುವವರು ಮಾತ್ರ ಸಾಕು ಎಂಬುದು ಯಾವ ಸೀಮೆಯ ಸ್ವಾಭಿಮಾನ?

ಹಣದ ಮಾತು ಉಳಿಯಿತು. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ತಿರುವನಂತಪುರದ ಕಾರ್ಯವಟ್ಟಂನಲ್ಲಿರುವ ಕೇರಳ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗವನ್ನು ನೋಡಬಹುದು. ಮನೆಯ ಮಣ್ಣಿನಲ್ಲಿ ಮೂಳೆ ಉಳಿಯುವುದಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಎಸ್.ವಿ. ರಾಜೇಶ್, ಜಿ.ಎಸ್. ಅಭಯನ್ ಅವರ ತಂಡ ದೇಶದ ಇನ್ನೊಂದು ತುದಿಗೆ, ಗುಜರಾತಿನ ಕಚ್ಛ್‌ಗೆ ಹೋಗಿ ಜುನಾ ಖಟಿಯಾ ಎಂಬಲ್ಲಿ ಆದಿ ಹರಪ್ಪ ಕಾಲದ ವಿಶಾಲ ಸ್ಮಶಾನವನ್ನು ಅಗೆಯಿತು. ಕ್ರಿ.ಪೂ. 3200ರಿಂದ 2600ರವರೆಗಿನ ನೂರಾರು ಸಮಾಧಿಗಳು. ಆರಂಭಿಕ ಹರಪ್ಪದ ಸಾವಿನ ಬಗ್ಗೆ ಏನಾದರೂ ಹೇಳಬೇಕಾದವರು ಇನ್ನು ಕಾರ್ಯವಟ್ಟಂನ ಕೆಲಸವನ್ನು ದಾಟಿ ಹೋಗುವಂತಿಲ್ಲ. ಮಲಯಾಳಿ ಪುರಾತತ್ವಜ್ಞರು ಎರಡು ಸಾವಿರ ಕಿಲೋಮೀಟರ್ ಆಚೆಯ, ಬೇರೆ ಭಾಷೆಯ, ಬೇರೆ ಹವೆಯ ನಾಡಿನ ಮೂಳೆಯನ್ನು ಓದಿ ತೋರಿಸಿದ್ದಾರೆ. ದೂರ ಅಡ್ಡಿಯಾಗಲಿಲ್ಲ, ‘ನಮ್ಮೂರಿನದಲ್ಲ’ ಎಂಬುದೂ ಅಡ್ಡಿಯಾಗಲಿಲ್ಲ.

ಅವರ ಜೊತೆ ಸ್ಪೇನಿನ, ಅಮೆರಿಕದ ವಿದ್ವಾಂಸರು ಸೇರಿ ಕೆಲಸ ಮಾಡಿದರು. ಸಹಯೋಗ ಬೇಕು, ಅದರಲ್ಲಿ ತಪ್ಪು ಹುಡುಕುವುದು ಮೂರ್ಖತನ. ಆದರೆ ವಿದೇಶಿ ತಂಡಗಳೊಂದಿಗೆ ಭಾರತದ ವಿಶ್ವವಿದ್ಯಾಲಯಗಳು ಮಾಡಿಕೊಳ್ಳುವ ಒಪ್ಪಂದಗಳು ಸಾಮಾನ್ಯವಾಗಿ ಹೇಗಿರುತ್ತವೆ? ಅಲ್ಲಿಂದ ಪ್ರಯೋಗಾಲಯ, ಇಲ್ಲಿಂದ ನೆಲ. ಅಲ್ಲಿಂದ ವಿಧಾನ, ಇಲ್ಲಿಂದ ಮಾದರಿ. ಇಲ್ಲಿಂದ ಹೋಗುವ ವಿದ್ಯಾರ್ಥಿಯ ಚೀಲದಲ್ಲೂ ಇಲ್ಲಿನದೇ ಹಲ್ಲು, ಇಲ್ಲಿನದೇ ಚೂರು. ಅಲ್ಲಿನ ಯಂತ್ರಕ್ಕೆ ಅದನ್ನು ತಿನ್ನಿಸಿ ವಾಪಸ್ ಬರಬೇಕು. 1934ರ ಉಪನ್ಯಾಸ ಪ್ರವಾಸದ ಲೆಕ್ಕವೇ ಇದು, ಈಗ ಅದಕ್ಕೆ ಫೆಲೋಶಿಪ್ ಎಂದು ಹೆಸರು.

ಭಾಷೆಯಲ್ಲೂ ಈ ಏರುಪೇರು ಕೂತಿದೆ. ಡಾಲ್ಮನ್ ಎಂಬುದು ಬ್ರೆಟನ್ ಭಾಷೆಯ ಮೇಜುಗಲ್ಲು, ಮೆನ್‌ಹಿರ್ ಎಂಬುದು ಅದೇ ಭಾಷೆಯ ಉದ್ದಗಲ್ಲು. ಫ್ರಾನ್ಸಿನ ಮೂಲೆಯಲ್ಲಿ, ಅಲ್ಲಿನ ಸರ್ಕಾರವೇ ಕೀಳೆಂದು ಕಂಡ ರೈತರ ನುಡಿ ಜಗತ್ತಿನ ಪರಿಭಾಷೆಯಾಯಿತು. ಕೇರಳದ ಕುಡಕ್ಕಲ್ಲು, ತೊಪ್ಪಿಕ್ಕಲ್ಲುಗಳೂ ಪುರಾತತ್ವದ ಪುಸ್ತಕ ಸೇರಿವೆ, ವಿ.ಡಿ. ಕೃಷ್ಣಸ್ವಾಮಿ 1949ರಲ್ಲೇ ಅವನ್ನು ಸೇರಿಸಿದರು. ಆದರೆ ಅವು ಕೇರಳದ ಕಲ್ಲಿಗಷ್ಟೇ ಸೀಮಿತ. ಮರಯೂರಿನ ಮುನಿಯರ ಡಾಲ್ಮನ್ ಆಗಬಹುದು, ಹಿರೇಬೆಣಕಲ್ಲಿನ ಮೋರ್ಯರ ಮನೆಯೂ ಡಾಲ್ಮನ್ ಆಗಬಹುದು, ಬ್ರಿಟನಿಯ ಡಾಲ್ಮನ್ ಎಂದೂ ಮುನಿಯರ ಆಗುವುದಿಲ್ಲ. ಆಗಲೇಬೇಕೆಂದಿಲ್ಲ. ಬ್ರಿಟನಿಯ ಕಲ್ಲುಮನೆಯ ಬಗ್ಗೆ ಮಲಯಾಳದಲ್ಲೋ ಕನ್ನಡದಲ್ಲೋ ಒಂದು ಸ್ವತಂತ್ರ ಸಂಶೋಧನಾ ಪ್ರಬಂಧ ಬರೆಯುವ ಸಂದರ್ಭ ಬಂದರೆ ಮಾತ್ರ ಆ ಪದದ ಅವಶ್ಯಕತೆ ಏಳುತ್ತದೆ. ಸಂದರ್ಭವೇ ಬರದ ಕಾರಣ ಪದ ಹುಟ್ಟಿಲ್ಲ. ಪಾರಿಭಾಷಿಕ ಕೋಶ ತಯಾರಿಸುವ ಸಮಿತಿಗಳು ಇದನ್ನು ತಲೆಕೆಳಗು ಮಾಡಿ ಮೊದಲು ಪದ, ಆಮೇಲೆ ವಿದ್ಯೆ ಎಂದುಕೊಂಡಿವೆ.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ, ಒಪ್ಪಂದದ ಹಾಳೆಯಲ್ಲಿ ಒಂದು ಕಲಂ. ವಿದೇಶಿ ವಿಶ್ವವಿದ್ಯಾಲಯದ ತಂಡ ಇಲ್ಲಿನ ಸಮಾಧಿಯ ಎದುರು ಎಷ್ಟು ಋತು ಕೂರುತ್ತದೋ, ಇಲ್ಲಿನ ಸಂಶೋಧಕರು ಅವರ ನಾಡಿನ ಸಮಾಧಿಯ ಎದುರು ಅಷ್ಟು ಋತು ಕೂರಬೇಕು. ಸಹಾಯಕರಾಗಿ ಅಲ್ಲ, ಪ್ರಶ್ನೆ ಕೇಳುವವರಾಗಿ, ಪ್ರಬಂಧದ ಮೊದಲ ಹೆಸರಾಗಿ. ಕೊಚ್ಚಿಯಲ್ಲಿ ಪಟ್ಟಣಂನ ಕೆಲಸ ಮುಂದುವರಿಸುತ್ತಿರುವವರಿಗೆ ಇದು ತೀರಾ ತುರ್ತು, ಮುಚಿರಿಯ ಇನ್ನೊಂದು ತುದಿ ಮೆಡಿಟರೇನಿಯನ್ ದಂಡೆಯಲ್ಲಿದೆ. ಕಾರ್ಯವಟ್ಟಂನವರಿಗೆ ಸ್ಪೇನಿನ ಬಾಗಿಲು ಆಗಲೇ ಅರ್ಧ ತೆರೆದಿದೆ. ಆ ದೇಶದ ಅಟಾಪುಯೆರ್ಕಾ ಬೆಟ್ಟದಲ್ಲಿ ಸೀಮಾ ದೆ ಲೋಸ್ ವೇಸೋಸ್ ಎಂಬ ಆಳದ ಕುಳಿಯಿದೆ. ಹೆಸರಿನ ಅರ್ಥವೇ ಮೂಳೆಗಳ ಕುಳಿ. ಸುಮಾರು 4,30,000 ವರ್ಷ ಹಿಂದಿನ ಕನಿಷ್ಠ 28 ಜನರ ಸಾವಿರಾರು ಮೂಳೆಗಳು ಅಲ್ಲಿ ಸಿಕ್ಕಿವೆ. ಸತ್ತವರನ್ನು ಬೇಕೆಂದೇ ಕುಳಿಗೆ ಇಳಿಸಿದರೋ, ಇಲ್ಲವೇ ಬೇರೆ ಕಾರಣದಿಂದ ಅಲ್ಲಿ ಸೇರಿದರೋ ಎಂಬ ವಾದ ಇನ್ನೂ ನಡೆದಿದೆ. ಕಚ್ಛ್‌ನಲ್ಲಿ ಸಮಾಧಿಯ ಮೇಲೆ ಸಮಾಧಿ ಬಿಡಿಸಿ, ಶವ ಇಡುವ ಕ್ರಮವನ್ನು ಕೈಯಾರೆ ನೋಡಿ ಬಂದ ತಿರುವನಂತಪುರದ ಸಂಶೋಧಕಿಗೆ ಆ ವಾದದಲ್ಲಿ ಹೇಳಲು ಏನಾದರೂ ಇದ್ದೇ ಇರುತ್ತದೆ.